ರಾಗಿ ಕಾಳಿನಷ್ಟು ಶಂಖವನ್ನು ಓದುವುದು ಹೇಗೆ: ಸೂಳೆಕೆರೆ ಮರಳಿನಿಂದ ಆಳ ಸಮುದ್ರದವರೆಗೆ

ಆಳ ಸಮುದ್ರದ ಶಂಖವೊಂದನ್ನು ನಾನು ಮೊದಲ ಸಲ ಮುಟ್ಟಿದ್ದು ಕರಾವಳಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ. ಅರಬ್ಬಿ ಸಮುದ್ರದ ಸುಮಾರು ಸಾವಿರ ಮೀಟರ್ ಆಳದಿಂದ ಬಂದ ಕೆಸರನ್ನು ಗೆಳೆಯರೊಬ್ಬರು ಸೋಸುತ್ತಿದ್ದರು. ತಟ್ಟೆಯಲ್ಲಿ ರಾಗಿ ಕಾಳಿನಷ್ಟು ದೊಡ್ಡ ಬಿಳಿ ಶಂಖ ಒಂದು ಬಿದ್ದಿತ್ತು. "ಸರ್, ನೀವೇ ಎತ್ತಿ ನೋಡಿ" ಅಂತ ಚಿಮಟ ಕೊಟ್ಟರು. ನಾನು ಎತ್ತಿದೆ. ತುದಿ ಮುರಿಯಿತು. ಸದ್ದು ಕೂಡ ಬರಲಿಲ್ಲ. ಆ ಕೆಸರಿನಲ್ಲಿ ಆ ಬಗೆಯ ಶಂಖ ಅದೊಂದೇ ಇತ್ತು.

ಗೆಳೆಯರು ಏನೂ ಅನ್ನಲಿಲ್ಲ. ಆದರೆ ಊಟದ ಹೊತ್ತಿಗೆ ಅವರು ಹೇಳಿದ ಒಂದು ಮಾತು ಇವತ್ತಿಗೂ ಮನಸ್ಸಿನಲ್ಲಿದೆ. "ಆ ತುದಿಯೇ ಅದರ ಬಾಲ್ಯ ಸರ್. ಉಳಿದದ್ದೆಲ್ಲ ಆಮೇಲೆ ಕಟ್ಟಿಕೊಂಡ ಮನೆ."

ದಾವಣಗೆರೆಗೆ ವಾಪಸ್ ಬಂದ ಮೇಲೆ ಸೂಳೆಕೆರೆ ದಂಡೆಯ ಮರಳಿನಲ್ಲಿ ಸಿಗುವ ಪುಟ್ಟ ಶಂಖಗಳ ಮೇಲೆ ಕೈ ಪಳಗಿಸಿಕೊಂಡೆ. ಒಂದು ಬೇಸಿಗೆ ಪೂರ್ತಿ ಅದೇ ಕೆಲಸ. ಆಮೇಲೆ ಗೊತ್ತಾಯಿತು: ಕೆರೆಯ ಶಂಖವಾಗಲಿ, ಮೂರು ಸಾವಿರ ಮೀಟರ್ ಆಳದ ಶಂಖವಾಗಲಿ, ಓದುವ ಕ್ರಮ ಒಂದೇ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೈಸ್ಕೂಲ್ ಮಕ್ಕಳು, ಡಿಗ್ರಿ ಓದುವವರು, ಮೇಷ್ಟ್ರುಗಳು, ಯಾರು ಬೇಕಾದರೂ ಮಾಡಬಹುದು.

ಸಮುದ್ರವೇ ಇಲ್ಲದ ನಮ್ಮ ಕಡೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಬಂಡೆಗಳು ದಿಂಬು ಪೇರಿಸಿಟ್ಟ ಹಾಗೆ ಕಾಣುತ್ತವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ತಕ್ಷಣ ತಣ್ಣಗಾದರೆ ಮಾತ್ರ ಆ ಆಕಾರ ಬರುತ್ತದೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು ಅದು. ಆಗ ಶಂಖವೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಚಿಪ್ಪಿನ ಪ್ರಾಣಿಗಳು ಬಂದದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ನೀರು ಮೊದಲು ನಮ್ಮಲ್ಲಿತ್ತು, ಶಂಖ ಆಮೇಲೆ ಬಂತು ಅನ್ನಿ.

ಹಂತ 1: ಹೆಸರುಗಳನ್ನು ಮೊದಲು ಬಾಯಿಗೆ ಹತ್ತಿಸಿಕೊಳ್ಳಿ

ಒಂದು ದೊಡ್ಡ ಶಂಖವನ್ನೋ, ಗದ್ದೆಯಲ್ಲಿ ಸಿಗುವ ಬಸವನಹುಳುವಿನ ಖಾಲಿ ಚಿಪ್ಪನ್ನೋ ಎದುರಿಗೆ ಇಟ್ಟುಕೊಳ್ಳಿ. ಚೂಪಾದ ಕಡೆ ತುದಿ. ತುದಿಯಿಂದ ಸುತ್ತಿ ಸುತ್ತಿ ಬರುವುದು ಸುತ್ತುಗಳು. ಒಂದು ಸುತ್ತು ಇನ್ನೊಂದಕ್ಕೆ ಅಂಟುವ ಗೆರೆಗೆ ನಾನು ಹೊಲಿಗೆ ಗೆರೆ ಅನ್ನುತ್ತೇನೆ, ನೋಡೋಕೆ ಹಾಗೇ ಇರುತ್ತದೆ. ಪ್ರಾಣಿ ಹೊರಗೆ ಬರುವ ಜಾಗ ಬಾಯಿ, ಅದರ ಅಂಚು ತುಟಿ. ಅಡಿಯಲ್ಲಿ ನಡುವೆ ತೂತಿದ್ದರೆ ಅದು ಹೊಕ್ಕುಳು. ಒಳಗೆ ಸುತ್ತುಗಳೆಲ್ಲ ಒರಗಿಕೊಂಡಿರುವ ಕಂಬ ನಡುಗಂಬ. ಕೆಲವು ಪ್ರಾಣಿಗಳು ಬಾಯಿಗೆ ಮುಚ್ಚಳವನ್ನೂ ಮಾಡಿಕೊಂಡಿರುತ್ತವೆ.

ಇನ್ನೊಂದು ಹೆಸರು ಎಲ್ಲಕ್ಕಿಂತ ಮುಖ್ಯ. ತುದಿಯ ಮೊದಲ ಒಂದೆರಡು ಸುತ್ತು ಮೊಟ್ಟೆಯೊಳಗೆ ಅಥವಾ ಮರಿಯಾಗಿ ತೇಲುವಾಗ ಕಟ್ಟಿದ್ದು. ಪುಸ್ತಕಗಳಲ್ಲಿ ಇದಕ್ಕೆ ಪ್ರೋಟೊಕಾಂಕ್ ಅಂತಾರೆ. ನಾನು ಮರಿಚಿಪ್ಪು ಅನ್ನುತ್ತೇನೆ. ಅದರ ನಂತರದ್ದೆಲ್ಲ ಟೆಲಿಯೊಕಾಂಕ್, ಅಂದರೆ ಬೆಳೆದ ಚಿಪ್ಪು.

ಹಂತ 2: ಅಭ್ಯಾಸಕ್ಕೆ ಮರಳು

ಬೇಸಿಗೆಯಲ್ಲಿ ನೀರು ಇಳಿದಾಗ ಸೂಳೆಕೆರೆ ದಂಡೆಯಲ್ಲಿ ಅಲೆ ತಂದು ಬಿಟ್ಟ ಕಸದ ಸಾಲು ಇರುತ್ತದೆ. ಕಡ್ಡಿ, ಒಣಗಿದ ಜೊಂಡು, ಅದರ ನಡುವೆ ಬಿಳಿ ಪುಡಿ. ಆ ಸಾಲಿನಿಂದ ಒಂದು ಡಬ್ಬಿ ಮರಳು ಸಾಕು. ಹರಿಹರದ ತುಂಗಭದ್ರೆ, ಹಿರಿಯೂರಿನ ವಾಣಿವಿಲಾಸ ಸಾಗರದ ದಂಡೆ, ಎಲ್ಲಿಂದ ತಂದರೂ ನಡೆಯುತ್ತದೆ. ಡಬ್ಬಿಯೊಳಗೆ ಜಾಗ ಮತ್ತು ತಾರೀಕು ಬರೆದ ಚೀಟಿಯನ್ನು ಅಲ್ಲೇ, ಆಗಲೇ ಹಾಕಿ. ಮನೆಗೆ ಹೋಗಿ ಬರೆಯೋಣ ಅಂದರೆ ಮರೆಯುತ್ತೀರಿ.

ನೀರಿಗೆ ಇಳಿಯಬೇಡಿ. ನಮ್ಮ ಕೆರೆಗಳಲ್ಲಿ ಜಾಸ್ತಿ ಕಾಣುವ ಚಪ್ಪಟೆ ಸುರುಳಿಯ ಕಂದು ಬಸವನಹುಳು, ಇಂಡೋಪ್ಲಾನಾರ್ಬಿಸ್, ದನಗಳ ರಕ್ತದಲ್ಲಿ ಸೇರುವ ಒಂದು ಪರೋಪಜೀವಿ ಹುಳುವಿಗೆ ಆಸರೆ. ಆ ಪರೋಪಜೀವಿಯ ಮರಿಗಳು ನೀರಿನಲ್ಲಿ ನಿಂತವರ ಕಾಲಿಗೆ ಚುಚ್ಚಿ ತುರಿಕೆ ಎಬ್ಬಿಸುತ್ತವೆ. ಒಣ ಮರಳು ಮಾತ್ರ ತನ್ನಿ, ಕೈ ತೊಳೆಯಿರಿ. ಜೀವ ಇರುವ ಹುಳುವನ್ನು ಮುಟ್ಟುವ ಅಗತ್ಯವೇ ಇಲ್ಲ, ಖಾಲಿ ಚಿಪ್ಪು ಬೇಕಾದಷ್ಟು ಸಿಗುತ್ತದೆ.

ಮನೆಯಲ್ಲಿ ಮರಳನ್ನು ಪೇಪರಿನ ಮೇಲೆ ಹರಡಿ ಚೆನ್ನಾಗಿ ಒಣಗಿಸಿ. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯಲ್ಲಿ ಮರಳಿನಿಂದ ಮಂಡಕ್ಕಿ ಬೇರೆ ಮಾಡುವುದನ್ನು ಹೇಳಿಕೊಡಬೇಕಿಲ್ಲ ಅಲ್ವಾ, ಅದೇ ಜರಡಿ ವಿದ್ಯೆ. ದೊಡ್ಡ ಕಸ ತೆಗೆಯಲು ಹಿಟ್ಟಿನ ಜರಡಿ. ಅದರಿಂದ ಕೆಳಗೆ ಬಿದ್ದದ್ದಕ್ಕೆ ಟೀ ಸೋಸುವ ಜಾಲರಿ. ಜಾಲರಿಯಿಂದಲೂ ಇಳಿದದ್ದನ್ನು ಎಸೆಯಬೇಡಿ, ಒಂದು ಮಿಲಿಮೀಟರಿಗಿಂತ ಚಿಕ್ಕವು ಅದರಲ್ಲಿವೆ.

ಆಮೇಲೆ ಒಂದು ಸುಲಭದ ಉಪಾಯ. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಒಣ ಮರಳನ್ನು ಚಮಚದಿಂದ ನಿಧಾನಕ್ಕೆ ಸುರಿಯಿರಿ. ಮರಳು ಮುಳುಗುತ್ತದೆ. ಖಾಲಿ ಶಂಖಗಳ ಹೊಟ್ಟೆಯಲ್ಲಿ ಗಾಳಿ ಇರುವುದರಿಂದ ಅವು ತೇಲುತ್ತವೆ. ಮೇಲಿನ ಪದರವನ್ನು ಕಾಟನ್ ಪಂಚೆಯ ತುಂಡಿಗೆ ಬಗ್ಗಿಸಿ ಒಣಗಿಸಿ. ಮರಳು ಪೂರ್ತಿ ಒಣಗಿರದಿದ್ದರೆ ಇದು ನಡೆಯೋದಿಲ್ಲ.

ಆಳ ಸಮುದ್ರದ ಕೆಸರಿಗೆ ಈ ಉಪಾಯ ಬಳಸಬೇಡಿ. ಅದನ್ನು ಒಣಗಿಸಿದರೆ ಜೇಡಿ ಗಟ್ಟಿಯಾಗಿ ತೆಳು ಚಿಪ್ಪುಗಳು ಒಡೆಯುತ್ತವೆ. ಹಸಿಯಾಗಿಯೇ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ಸೋಸಬೇಕು. ಪ್ರಾಣಿ ಒಳಗಿದ್ದರೆ ಆಲ್ಕೋಹಾಲಿನಲ್ಲಿ ಇಡಬೇಕು. ಫಾರ್ಮಲಿನ್ ಹಾಗೇ ಇಟ್ಟರೆ ನಿಧಾನಕ್ಕೆ ಹುಳಿಯಾಗಿ ಚಿಪ್ಪನ್ನೇ ತಿನ್ನುತ್ತದೆ.

ಹಂತ 3: ಎತ್ತುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಚಿಮಟ ಮರೆತುಬಿಡಿ. ಚಿತ್ರ ಬರೆಯುವ ಅತಿ ಸಣ್ಣ ಬ್ರಷ್, ಸೊನ್ನೆ ಸೊನ್ನೆ ನಂಬರಿನದು, ತಗೊಳ್ಳಿ. ತುದಿಯನ್ನು ನೀರಿನಲ್ಲಿ ಅದ್ದಿ, ಬಟ್ಟೆಗೆ ಒಮ್ಮೆ ಒತ್ತಿ ಹೆಚ್ಚಿನ ನೀರು ತೆಗೆಯಿರಿ. ಬ್ರಷ್ಷನ್ನು ಶಂಖದ ದೊಡ್ಡ ಸುತ್ತಿನ ಬೆನ್ನಿಗೆ ಮುಟ್ಟಿಸಿ. ಒತ್ತಬೇಡಿ. ನೀರೇ ಹಿಡಿದುಕೊಳ್ಳುತ್ತದೆ. ಎತ್ತಿ, ಬೇಕಾದ ಜಾಗಕ್ಕೆ ತಂದು, ಒಣ ಬಟ್ಟೆಗೆ ತಾಗಿಸಿದರೆ ಬ್ರಷ್ ಅದನ್ನು ತಾನೇ ಬಿಡುತ್ತದೆ. ಮೊದಲ ದಿನ ಹತ್ತರಲ್ಲಿ ನಾಲ್ಕು ಕೆಳಗೆ ಬೀಳುತ್ತವೆ. ಒಂದು ವಾರದಲ್ಲಿ ಕೈ ಕೂರುತ್ತದೆ.

ಕೆಳಗೆ ದೊಡ್ಡ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಅದರ ಮೇಲೆ ಕಪ್ಪು ಬಟ್ಟೆ. ಬಿದ್ದದ್ದು ತಟ್ಟೆಯಲ್ಲೇ ಇರುತ್ತದೆ. ಫ್ಯಾನ್ ಆರಿಸಿ. ಪ್ಲಾಸ್ಟಿಕ್ ತಟ್ಟೆ ಬೇಡವೇ ಬೇಡ: ಒಣ ಹವೆಯಲ್ಲಿ ಸ್ಥಾಯಿ ವಿದ್ಯುತ್ತಿಗೆ ಈ ಚಿಪ್ಪುಗಳು ಎಳ್ಳು ಸಿಡಿದ ಹಾಗೆ ಹಾರುತ್ತವೆ.

ತೊಳೆಯಲು ಬರೀ ನೀರು, ಹೆಚ್ಚೆಂದರೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ವಿನಿಗರ್, ನಿಂಬೆಹುಳಿ, ಹುಣಸೆಹಣ್ಣು ಹತ್ತಿರವೂ ತರಬೇಡಿ. ಚಿಪ್ಪು ಅಂದರೆ ಸುಣ್ಣ. ಹುಳಿ ಬಿದ್ದರೆ ಗುಳ್ಳೆ ಎದ್ದು ಕರಗುತ್ತದೆ, ಮೊದಲು ಹೋಗುವುದು ಮೇಲಿನ ಸಣ್ಣ ಗೆರೆಗಳೇ.

ಹಂತ 4: ಬೆಳಕು

ಕಾಲೇಜಿನ ಮೈಕ್ರೋಸ್ಕೋಪ್ ಸಾಮಾನ್ಯವಾಗಿ ಕೆಳಗಿನಿಂದ ಬೆಳಕು ಕೊಡುತ್ತದೆ. ಈರುಳ್ಳಿ ಸಿಪ್ಪೆಗೆ ಅದು ಸರಿ, ಶಂಖಕ್ಕೆ ಸಾಲದು. ಕಾಗದ ಮಡಿಚಿ ಮಾಡುವ ಅಗ್ಗದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪಿಗೂ ಇದೇ ಮಿತಿ. ಎರಡು ಕಣ್ಣಿನ ಸ್ಟೀರಿಯೋ ಮೈಕ್ರೋಸ್ಕೋಪ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ, ಇಲ್ಲವೇ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್.

ಬೆಳಕು ಪಕ್ಕದಿಂದ, ಓರೆಯಾಗಿ ಬರಬೇಕು. ಇದನ್ನು ನೀವೇ ಮಾಡಿ ನೋಡಿ. ಒಂದು ಬಿಳಿ ಶಂಖವನ್ನು ಕಪ್ಪು ಬಟ್ಟೆಯ ಮೇಲಿಟ್ಟು ಟಾರ್ಚನ್ನು ನೆತ್ತಿಯ ಮೇಲೆ ಹಿಡಿಯಿರಿ. ಬರೀ ಬಿಳಿ ಚುಕ್ಕೆ, ನುಣ್ಣಗೆ ಕಾಣುತ್ತದೆ. ಈಗ ಟಾರ್ಚನ್ನು ನಿಧಾನಕ್ಕೆ ಎಡಕ್ಕೆ ಇಳಿಸುತ್ತಾ ಬನ್ನಿ. ಮೇಜಿನ ಮಟ್ಟಕ್ಕೆ ಬರುವಾಗ ಒಂದೊಂದೇ ಏಣು ನೆರಳು ಚೆಲ್ಲಿಕೊಂಡು ಎದ್ದು ನಿಲ್ಲುತ್ತದೆ. ಉತ್ತ ಹೊಲದ ಸಾಲುಗಳು ನಡುಮಧ್ಯಾಹ್ನ ಕಾಣುವುದಿಲ್ಲ, ಸಂಜೆ ಬಿಸಿಲಿಗೆ ಎಣಿಸುವಷ್ಟು ಸ್ಪಷ್ಟವಾಗುತ್ತವೆ ನೋಡಿ, ಹಾಗೆ. ನಾನು ನುಣುಪು ಅಂತ ಬರೆದಿಟ್ಟಿದ್ದ ಮೂರು ಚಿಪ್ಪುಗಳನ್ನು ಆ ಸಂಜೆ ಮತ್ತೆ ಬರೆಯಬೇಕಾಯಿತು.

ಹಂತ 5: ನಿಲ್ಲಿಸುವುದು, ಅಳೆಯುವುದು

ಬಾಟಲಿ ಮುಚ್ಚಳದಲ್ಲಿ ನಯವಾಗಿ ಜರಡಿ ಹಿಡಿದ ಮರಳು ತುಂಬಿ ಶಂಖವನ್ನು ಅದರಲ್ಲಿ ಊರಿ. ಯಾವ ಕೋನಕ್ಕೂ ನಿಲ್ಲುತ್ತದೆ. ತುದಿ ಮೇಲೆ, ಬಾಯಿ ನಿಮ್ಮ ಕಡೆ. ಈಗ ಬಾಯಿ ನಿಮ್ಮ ಬಲಕ್ಕಿದ್ದರೆ ಬಲಸುತ್ತು, ಎಡಕ್ಕಿದ್ದರೆ ಎಡಸುತ್ತು. ಬಹುಪಾಲು ಶಂಖಗಳು ಬಲಸುತ್ತು. ನಮ್ಮ ಚರಂಡಿ, ಹೊಂಡಗಳಲ್ಲಿ ಸಿಗುವ ಫೈಸಾ ಅನ್ನುವ ಸಣ್ಣ ಬಸವನಹುಳು ಎಡಸುತ್ತು, ಅಭ್ಯಾಸಕ್ಕೆ ಒಂದನ್ನು ಹುಡುಕಿಟ್ಟುಕೊಳ್ಳಿ.

ಇಲ್ಲಿ ಕನ್ನಡದವರು ಒಂದು ಕಡೆ ಮೋಸ ಹೋಗುತ್ತೇವೆ. ಪೂಜೆಯ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುತ್ತು! ತಪ್ಪು ಯಾರದ್ದೂ ಅಲ್ಲ. ನಮ್ಮ ಸಂಪ್ರದಾಯದಲ್ಲಿ ಶಂಖದ ಕೊಳವೆಯ ಕಡೆ ಮೇಲೆ, ತುದಿ ಕೆಳಗೆ ಹಿಡಿದು ನೋಡುತ್ತಾರೆ. ಪ್ರಾಣಿಶಾಸ್ತ್ರದಲ್ಲಿ ತುದಿ ಮೇಲೆ. ತಲೆಕೆಳಗು ಮಾಡಿದರೆ ಎಡ ಬಲ ಅದಲು ಬದಲಾಗುತ್ತದೆ. ಅದಕ್ಕೆ ಬರೆಯುವಾಗ "ಬಲಮುರಿ" ಅನ್ನಬೇಡಿ, "ತುದಿ ಮೇಲಿಟ್ಟಾಗ ಬಾಯಿ ಬಲಕ್ಕೆ" ಅಂತಲೇ ಬರೆಯಿರಿ.

ಅಳತೆಗೆ ಮೈಕ್ರೋಸ್ಕೋಪಿನ ಕಣ್ಣುಗಾಜಿನಲ್ಲಿ ಹಾಕುವ ಗೆರೆಪಟ್ಟಿ ಬೇಕು. ಅದರ ಮನೆಗಳಿಗೆ ಅದರದ್ದೇ ಬೆಲೆ ಇಲ್ಲ, ಪ್ರತಿ ಲೆನ್ಸಿಗೂ ಬೇರೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುವ ಗಾಜಿನ ಸ್ಲೈಡನ್ನು ಕೆಳಗಿಟ್ಟು ಹೋಲಿಸಬೇಕು. ಉದಾಹರಣೆಗೆ 40 ಮನೆ ಸೇರಿ 1 ಮಿ.ಮೀ. ಆದರೆ ಒಂದು ಮನೆಗೆ 0.025 ಮಿ.ಮೀ. ಶಂಖದ ಎತ್ತರ 62 ಮನೆ ಬಂದರೆ 1.55 ಮಿ.ಮೀ., ಅಗಲ 50 ಮನೆ ಬಂದರೆ 1.25 ಮಿ.ಮೀ. ಎತ್ತರವನ್ನು ಅಗಲದಿಂದ ಭಾಗಿಸಿದರೆ 1.24. ಈ ಕೊನೆಯ ಸಂಖ್ಯೆಯನ್ನು ಬಿಡಬೇಡಿ, ಕುಳ್ಳೋ ಉದ್ದವೋ ಅನ್ನೋ ವಾದವನ್ನು ಅದು ಮುಗಿಸುತ್ತದೆ. ಗೆರೆಪಟ್ಟಿ ಇಲ್ಲದವರು ಸ್ಟೀಲ್ ಸ್ಕೇಲಿನ ಅರ್ಧ ಮಿಲಿಮೀಟರ್ ಗೆರೆಯನ್ನು ಅದೇ ದೂರದಲ್ಲಿ, ಅದೇ ಝೂಮಿನಲ್ಲಿ ಫೋಟೋ ತೆಗೆದು ಹೋಲಿಸಬಹುದು.

ಎತ್ತರ ಅಂದರೆ ತುದಿಯಿಂದ ಬಾಯಿಯ ತಳದ ತನಕ, ನಡುಗಂಬಕ್ಕೆ ಸಮನಾಗಿ. ಶಂಖ ಸ್ವಲ್ಪ ಓರೆಯಾದರೂ ಅಳತೆ ತಪ್ಪುತ್ತದೆ. ಮೂರು ಸಲ ಎತ್ತಿಟ್ಟು ಅಳೆಯಿರಿ.

ಹಂತ 6: ತುದಿಯನ್ನು ಓದುವುದು

ಈಗ ಶಂಖವನ್ನು ತಿರುಗಿಸಿ ತುದಿ ನೇರ ನಿಮ್ಮ ಕಣ್ಣಿಗೆ ಬರುವ ಹಾಗೆ ನಿಲ್ಲಿಸಿ. ಇರುವಷ್ಟು ದೊಡ್ಡ ಲೆನ್ಸ್ ಹಾಕಿ.

ನಡುವೆ ಒಂದು ಗುಂಡನೆಯ ಗುಬ್ಬಿ, ಅಂದರೆ ಗುಂಡಿಯಂಥ ಉಬ್ಬು, ಕಾಣುತ್ತದೆ. ಅಲ್ಲಿಂದ ಸುತ್ತು ಹೊರಡುತ್ತದೆ. ಬೆರಳಿಟ್ಟು ಹಿಂಬಾಲಿಸಿದ ಹಾಗೆ ಕಣ್ಣಿನಲ್ಲೇ ಹಿಂಬಾಲಿಸಿ. ಸ್ವಲ್ಪ ದೂರದಲ್ಲಿ ಒಂದು ಅಡ್ಡಗೆರೆ ಸಿಗುತ್ತದೆ, ಕೆಲವು ಸಲ ಸಣ್ಣ ಅಂಚಿನ ಹಾಗೆ ಎದ್ದಿರುತ್ತದೆ. ಅಲ್ಲಿಯವರೆಗೆ ಒಂದು ಮೇಲ್ಮೈ, ಅಲ್ಲಿಂದ ಆಚೆ ಬೇರೆಯೇ ಮೇಲ್ಮೈ. ಅದೇ ಗಡಿ. ಮರಿ ಅಲ್ಲಿಗೆ ತನ್ನ ಮೊದಲ ಬದುಕು ಮುಗಿಸಿ ತಳಕ್ಕೆ ಇಳಿದು ಕೂತಿದೆ.

ಸುತ್ತು ಎಣಿಸುವ ಕ್ರಮ ಹೀಗೆ. ಮೇಲಿನಿಂದ ತೆಗೆದ ಫೋಟೋ ಪ್ರಿಂಟ್ ಹಾಕಿಸಿ. ನಡುವಿನ ಗುಬ್ಬಿ ಅರ್ಧಚಂದ್ರದ ಹಾಗೆ ಶುರುವಾಗುವ ಕಡೆ, ಆ ಅರ್ಧಚಂದ್ರದ ಬುಡಕ್ಕೆ ಸ್ಕೇಲಿಟ್ಟು ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯಿಂದ ಹೊರಟು ಮತ್ತೆ ಅದೇ ಗೆರೆಯ ಅದೇ ಬದಿಗೆ ಬಂದರೆ ಒಂದು ಸುತ್ತು. ಉಳಿದದ್ದನ್ನು ಕಾಲು, ಅರ್ಧ, ಮುಕ್ಕಾಲು ಅಂತ ಬರೆಯಿರಿ. ಮರಿಚಿಪ್ಪಿಗೆ ಬೇರೆ ಲೆಕ್ಕ, ಬೆಳೆದ ಚಿಪ್ಪಿಗೆ ಬೇರೆ ಲೆಕ್ಕ. ಮರಿಚಿಪ್ಪಿನ ಅಡ್ಡಳತೆಯನ್ನೂ ಬರೆಯಿರಿ.

ಇಷ್ಟು ಪಾಡು ಯಾಕೆ? ಮರಿಚಿಪ್ಪು ಆ ಜೀವದ ಬಾಲ್ಯದ ಕತೆ ಹೇಳುತ್ತದೆ. ನಡುಗುಬ್ಬಿ ಸಣ್ಣದಿದ್ದು, ಸುತ್ತುಗಳು ಇಕ್ಕಟ್ಟಾಗಿ ಎರಡು, ಮೂರು, ನಾಲ್ಕು ಇದ್ದರೆ ಮರಿ ಬಹುಕಾಲ ನೀರಿನಲ್ಲಿ ತೇಲುತ್ತಾ, ತಾನೇ ಹುಡುಕಿ ತಿನ್ನುತ್ತಾ ಬೆಳೆದಿದೆ. ನಡುಗುಬ್ಬಿ ದಪ್ಪಗಿದ್ದು, ಸುತ್ತು ಒಂದು ಒಂದೂವರೆಗೆ ಮುಗಿದರೆ ತಾಯಿ ಕೊಟ್ಟ ಬುತ್ತಿ, ಅಂದರೆ ಮೊಟ್ಟೆಯ ಹಳದಿ, ತಿಂದುಕೊಂಡೇ ಬೆಳೆದಿದೆ. ದೂರ ಹೋಗಿಲ್ಲ. ಡೆನ್ಮಾರ್ಕಿನ ಸಮುದ್ರ ಜೀವಶಾಸ್ತ್ರಜ್ಞ ಗುನ್ನಾರ್ ಥಾರ್ಸನ್ ತುದಿಯನ್ನು ಹೀಗೆ ಓದುವ ಸೂತ್ರವನ್ನು ಗಟ್ಟಿಯಾಗಿ ಮುಂದಿಟ್ಟರು. ಒಂದು ಎಚ್ಚರಿಕೆ ಇದೆ: ಹಳೆಯ ಕಾಲದಿಂದ ಬಂದಿರುವ ವೆಟಿಗ್ಯಾಸ್ಟ್ರೊಪಾಡ್ ಅನ್ನೋ ದೊಡ್ಡ ಗುಂಪಿನಲ್ಲಿ ಮರಿಗಳು ಹೊರಗಿನದ್ದನ್ನು ತಿನ್ನುವುದೇ ಇಲ್ಲ. ಅವುಗಳ ಮರಿಚಿಪ್ಪು ಸುಮಾರು ಒಂದೇ ಸುತ್ತು. ಆಳ ಸಮುದ್ರದ ಪುಟ್ಟ ಶಂಖಗಳಲ್ಲಿ ಈ ಗುಂಪಿನವು ತುಂಬಾ. ಅವುಗಳ ತುದಿ ನೋಡಿ ತೇಲಿತೋ ಇಲ್ಲವೋ ಅಂತ ತೀರ್ಮಾನ ಮಾಡಲು ಹೋಗಬೇಡಿ.

ನನಗೆ ಮೈ ಜುಮ್ಮೆನಿಸಿದ ಸಂಗತಿ ಇನ್ನೊಂದಿದೆ. ಚಿಪ್ಪಿನ ಸುಣ್ಣದಲ್ಲಿರುವ ಆಮ್ಲಜನಕದ ಹಗುರ, ಭಾರ ಬಗೆಗಳ (ಐಸೊಟೋಪುಗಳ) ಪ್ರಮಾಣ ನೋಡಿ ಅದು ಎಷ್ಟು ಬೆಚ್ಚಗಿನ ನೀರಿನಲ್ಲಿ ಕಟ್ಟಿದ್ದು ಅಂತ ಹೇಳಬಹುದು. 1985ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಆಳ ಸಮುದ್ರದ ಕೆಲವು ಶಂಖಗಳ ತುದಿಯನ್ನು ಹೀಗೆ ಪರೀಕ್ಷೆ ಮಾಡಿದರು. ತುದಿ ಕಟ್ಟಿದ್ದು ಮೇಲಿನ ಬೆಚ್ಚಗಿನ ನೀರಿನಲ್ಲಿ, ಉಳಿದ ಚಿಪ್ಪು ತಳದ ಕೊರೆಯುವ ತಣ್ಣೀರಿನಲ್ಲಿ! ಅಂದರೆ ಕತ್ತಲ ತಳದಲ್ಲಿ ಹುಟ್ಟಿದ ಮರಿ ಬಿಸಿಲಿನ ತನಕ ಮೇಲೇರಿ, ತಿಂದು ಬೆಳೆದು, ಮತ್ತೆ ಕತ್ತಲಿಗೆ ಇಳಿದಿದೆ. ನಾನು ಮುರಿದದ್ದು ಇಂಥದ್ದೇ ಒಂದು ತುದಿಯನ್ನು.

ಹಂತ 7: ಮೈಮೇಲಿನ ಕೆಲಸ

ಏಣು, ಗೀರು, ಮಣಿಗಳನ್ನು ಎರಡೇ ದಿಕ್ಕಿನಲ್ಲಿ ವಿಂಗಡಿಸಿ. ತುಟಿಗೆ ಸಮನಾಗಿ, ಮೇಲಿನಿಂದ ಕೆಳಕ್ಕೆ ಬರುವವು ಒಂದು. ಸುತ್ತಿನ ಜೊತೆಗೇ ಓಡುವವು ಇನ್ನೊಂದು. ಎರಡೂ ಇದ್ದು ಒಂದನ್ನೊಂದು ದಾಟಿದರೆ ಜಾಲರಿ ಆಗುತ್ತದೆ. ದಾಟುವ ಕಡೆ ಗಂಟು ಎದ್ದರೆ ಮಣಿ. ಅಜ್ಜಿ ಹೊಲಿದ ಕೌದಿಯಲ್ಲಿ ಎರಡು ಕಡೆಯ ಹೊಲಿಗೆ ಸೇರಿ ಚೌಕಗಳು ಉಬ್ಬುತ್ತವಲ್ಲ, ಥೇಟ್ ಅದೇ.

ತೀರಾ ಸಣ್ಣ, ಒಂದೇ ಸಮ ಇಲ್ಲದ ಗೆರೆಗಳು ಬೆಳವಣಿಗೆಯ ಗುರುತು, ಅವು ಎಲ್ಲ ಚಿಪ್ಪಿನಲ್ಲೂ ಇರುತ್ತವೆ. ಅವನ್ನು ಏಣು ಅಂತ ಎಣಿಸಬೇಡಿ. ಏಣುಗಳನ್ನು ಕೊನೆಯ ಸುತ್ತಿನಲ್ಲಿ ಎಣಿಸಿ, ಅವು ಎಷ್ಟನೇ ಸುತ್ತಿನಿಂದ ಶುರುವಾಗಿವೆ ಅನ್ನೋದನ್ನೂ ಬರೆಯಿರಿ. ಹೊಲಿಗೆ ಗೆರೆ ಆಳವೋ ಮೇಲೆ ಮೇಲೆಯೋ, ಸುತ್ತುಗಳು ಉಬ್ಬಿವೆಯೋ ಚಪ್ಪಟೆಯೋ, ಹೆಗಲಿನ ಹಾಗೆ ಮಡಿಕೆ ಇದೆಯೋ, ಅದೂ ಬೇಕು.

ಹಂತ 8: ಬಾಯಿ, ಹೊಕ್ಕುಳು, ಒಳಮೈ

ಬಾಯಿ ದುಂಡೋ, ಮೊಟ್ಟೆಯಾಕಾರವೋ. ತುಟಿ ಸುತ್ತಲೂ ಪೂರ್ತಿ ಇದೆಯೋ, ಹಿಂದಿನ ಸುತ್ತಿಗೆ ತಾಗುವ ಕಡೆ ಕಡಿದುಹೋಗಿದೆಯೋ. ತಳದಲ್ಲಿ ಕೊಳವೆಯ ಹಾಗೆ ತೋಡು ಇದೆಯೋ. ಹೊಕ್ಕುಳು ತೆರೆದಿದೆಯೋ, ತುಟಿ ಮಡಿಚಿ ಮುಚ್ಚಿದೆಯೋ. ಒಣ ಚಿಪ್ಪನ್ನು ನೀರಿನ ಹನಿಯಲ್ಲಿಟ್ಟು ನೋಡಿ: ತೆಳು ಚಿಪ್ಪು ಗಾಜಿನ ಹಾಗಾಗಿ ಒಳಗಿನ ನಡುಗಂಬವೂ ಕಾಣುತ್ತದೆ.

ಎಲ್ಲ ಚಿಪ್ಪೂ ಸುತ್ತುವುದಿಲ್ಲ. ಕೆಲವು ಟೋಪಿಯ ಹಾಗೆ ಕೂರುತ್ತವೆ. ಅಂಥದ್ದು ಸಿಕ್ಕರೆ ತುದಿ ನಡುವೆ ಇದೆಯೋ ಒಂದು ಅಂಚಿಗೆ ಬಾಗಿದೆಯೋ ನೋಡಿ, ಆಮೇಲೆ ಮಗುಚಿ ಒಳಮೈಯನ್ನು ಓರೆ ಬೆಳಕಿನಲ್ಲಿ ನೋಡಿ. ಮಾಂಸಖಂಡ ಅಂಟಿದ್ದ ಜಾಗದಲ್ಲಿ ಮಸುಕು ಗುರುತು ಇರುತ್ತದೆ. ಈ ಗುರುತಿಗೆ ದೊಡ್ಡ ಚರಿತ್ರೆಯೇ ಇದೆ. ಕೋಟ್ಯಂತರ ವರ್ಷ ಹಳೆಯ ಪಿಲೀನಾ ಅನ್ನುವ ಪಳೆಯುಳಿಕೆ ಚಿಪ್ಪಿನ ಒಳಗೆ ಜೋಡಿ ಜೋಡಿ ಗುರುತುಗಳಿದ್ದವು. ಬರೀ ಅದನ್ನು ನೋಡಿಯೇ ಇದು ಬಸವನಹುಳುವಿನ ವಂಶ ಅಲ್ಲ, ಬೇರೆ ಬಗೆಯ ಪ್ರಾಣಿ ಅಂತ ಕೆಲವರು ಊಹಿಸಿದ್ದರು. ಆ ಬಗೆ ಡೆವೋನಿಯನ್ ಕಾಲದಲ್ಲೇ, ಅಂದರೆ 35 ಕೋಟಿ ವರ್ಷಕ್ಕೂ ಹಿಂದೆಯೇ, ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. 1952ರಲ್ಲಿ ಡೆನ್ಮಾರ್ಕಿನ ಗಲಾಥಿಯಾ ಹಡಗು ಕೋಸ್ಟರಿಕಾ ಕಡೆಯ ಪೆಸಿಫಿಕ್ ಸಾಗರದಲ್ಲಿ, ಮೂರೂವರೆ ಸಾವಿರ ಮೀಟರಿಗೂ ಜಾಸ್ತಿ ಆಳದಿಂದ ಜೀವಂತ ಸಂಬಂಧಿಯನ್ನೇ ಎತ್ತಿ ತಂದಿತು. 1957ರಲ್ಲಿ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಹೆನಿಂಗ್ ಲೆಮ್ಕೆ ಅದಕ್ಕೆ ನಿಯೋಪಿಲೀನಾ ಗಲಾಥಿಯೇ ಅಂತ ಹೆಸರಿಟ್ಟರು, ಹೊಸ ಪಿಲೀನಾ. ಮಾಂಸಖಂಡಗಳು ಎಂಟು ಜೋಡಿ ಇದ್ದವು. ಚಿಪ್ಪಿನ ಒಳಗಿನ ಮಸುಕು ಗುರುತು ಹೇಳಿದ್ದು ನಿಜವಾಗಿತ್ತು. ಅದೇ ವಂಶದ ಮೈಕ್ರೋಪಿಲೀನಾ ಅನ್ನುವವು ಒಂದು ಮಿಲಿಮೀಟರಿನ ಆಸುಪಾಸಿಗೇ ಪೂರ್ತಿ ಬೆಳೆದುಬಿಡುತ್ತವೆ.

ಹಂತ 9: ಆಳದಿಂದ ಬಂದದ್ದು ಬೇರೆ ಹೇಗೆ

ಆಳ ಸಮುದ್ರದ ಪುಟ್ಟ ಚಿಪ್ಪು ಸಾಮಾನ್ಯವಾಗಿ ಬಿಳಿ, ಇಲ್ಲವೇ ಬಣ್ಣವಿಲ್ಲದೆ ಗಾಜಿನ ಹಾಗೆ. ಬೆಳಕೇ ಇಲ್ಲದ ಕಡೆ ಬಣ್ಣ ನೋಡುವವರಾರು. ತೆಳುವಾಗಿಯೂ ಇರುತ್ತದೆ. ಆಳಕ್ಕೆ ಹೋದಂತೆ ತಣ್ಣೀರು, ಒತ್ತಡ, ಕರಗಿದ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣ ಸುಲಭವಾಗಿ ಕರಗುತ್ತದೆ. ಬಹುತೇಕ ಸಾಗರಗಳಲ್ಲಿ ಸುಮಾರು ನಾಲ್ಕರಿಂದ ಐದು ಸಾವಿರ ಮೀಟರ್ ಆಳದಲ್ಲಿ ಒಂದು ಗಡಿ ಬರುತ್ತದೆ. ಅದರಿಂದ ಕೆಳಗೆ ಬಿದ್ದ ಖಾಲಿ ಚಿಪ್ಪು ಉಳಿಯುವುದೇ ಕಷ್ಟ. ಅದಕ್ಕೇ ಆಳದ ಚಿಪ್ಪಿನ ಮೈ ಪುಡಿಪುಡಿಯಾಗಿ, ಸೀಮೆಸುಣ್ಣದ ಹಾಗೆ ಮಾಸಿದ್ದರೆ ಅದು ಆ ಜಾತಿಯ ಲಕ್ಷಣ ಅಂತ ಬರೆಯಬೇಡಿ, ಕರಗಿದ ಗುರುತು ಇರಬಹುದು. ಹೊಳಪಿದ್ದರೆ ಇತ್ತೀಚಿನ ಚಿಪ್ಪು.

ಅಪರೂಪ ಅನ್ನೋ ಮಾತಿಗೂ ಒಂದು ಅಳತೆ ಕೊಡುತ್ತೇನೆ. ಇದು ಆಳದ್ದಲ್ಲ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಲಗೂನಿನ, ಅಂದರೆ ಹವಳದ ದಿಬ್ಬದ ಒಳಗಿನ ಕಡಲಿನ, ಲೆಕ್ಕ, 2002ರಲ್ಲಿ ಪ್ರಕಟವಾದದ್ದು. 295 ಚದರ ಕಿಲೋಮೀಟರಿನಲ್ಲಿ ಶಂಖ, ಕಪ್ಪೆಚಿಪ್ಪಿನಂಥ ಮೆದುಮೈ ಪ್ರಾಣಿಗಳು, ಅಂದರೆ ಮೃದ್ವಂಗಿಗಳು, 2738 ಜಾತಿ ಸಿಕ್ಕವು. ಅವುಗಳಲ್ಲಿ ಐದಕ್ಕೆ ಒಂದು ಜಾತಿಗೆ ಸಿಕ್ಕಿದ್ದು ಒಂದೇ ಒಂದು ಚಿಪ್ಪು. ದೋಣಿಯಲ್ಲಿ ಹೋಗಿ ಹುಡುಕುವ ಕಡೆಯೇ ಹೀಗಾದರೆ, ಸಾವಿರಾರು ಮೀಟರ್ ಆಳದ ಒಂದು ಹಿಡಿ ಕೆಸರಿನಲ್ಲಿ ಸಿಕ್ಕ ಒಂಟಿ ಚಿಪ್ಪನ್ನು ಎಷ್ಟು ಜೋಪಾನ ಮಾಡಬೇಕು ಯೋಚಿಸಿ.

ಹಂತ 10: ಮರಿಯೋ, ಬೆಳೆದದ್ದೋ

ಚಿಕ್ಕದೆಲ್ಲ ಚಿಕ್ಕ ಜಾತಿ ಅಲ್ಲ. ಸೂಳೆಕೆರೆ ಮರಳಿನಲ್ಲಿ ಮೂರ್ನಾಲ್ಕು ಮಿಲಿಮೀಟರಿನ ದುಂಡು ಚಿಪ್ಪುಗಳು ಸಿಕ್ಕಿ ಏನೋ ಹೊಸದು ಅಂತ ಖುಷಿಪಟ್ಟಿದ್ದೆ. ಅವು ಬೆಲ್ಲಾಮಿಯಾ ಅನ್ನುವ ಸಾಮಾನ್ಯ ಬಸವನಹುಳುವಿನ ಮರಿಗಳು. ಅದು ಮೊಟ್ಟೆ ಇಡುವುದಿಲ್ಲ, ಚಿಪ್ಪು ಹೊತ್ತ ಮರಿಯನ್ನೇ ಹಾಕುತ್ತದೆ. ಬೆಳೆದದ್ದನ್ನು ಪಕ್ಕಕ್ಕಿಟ್ಟು ಅದರ ತುದಿಯ ಸುತ್ತುಗಳನ್ನು ಮರಿಗೆ ಹೋಲಿಸಿದಾಗ ಸರಿಯಾಗಿ ಕೂತಿತು.

ಬೆಳೆದ ಗುರುತುಗಳು: ತುಟಿ ದಪ್ಪವಾಗಿರುತ್ತದೆ ಅಥವಾ ಹೊರಕ್ಕೆ ಮಗುಚಿರುತ್ತದೆ. ಕೊನೆಯ ಸುತ್ತು ಬಾಯಿಯ ಹತ್ತಿರ ಇದ್ದಕ್ಕಿದ್ದ ಹಾಗೆ ಕೆಳಗೆ ಇಳಿಯುತ್ತದೆ. ಬಾಯೊಳಗೆ ಹಲ್ಲಿನಂಥ ಉಬ್ಬು ಬಂದಿರಬಹುದು. ಇದ್ಯಾವುದೂ ಇಲ್ಲದೆ ತುಟಿ ಕಾಗದದ ಹಾಗೆ ತೆಳ್ಳಗಿದ್ದರೆ "ಪೂರ್ತಿ ಬೆಳೆದಿರಲಿಕ್ಕಿಲ್ಲ" ಅಂತ ಬರೆದು ಮುಂದೆ ಹೋಗಿ.

ಹಂತ 11: ಬರೆಯುವುದು

ಕ್ರಮ ಯಾವಾಗಲೂ ಒಂದೇ ಇರಲಿ: ಆಕಾರ ಮತ್ತು ಗಾತ್ರ, ಮರಿಚಿಪ್ಪು, ಬೆಳೆದ ಸುತ್ತುಗಳು, ಮೈಮೇಲಿನ ಕೆಲಸ, ಬಾಯಿ, ಹೊಕ್ಕುಳು, ಬಣ್ಣ. ನಾನು ಕರಾವಳಿಗೆ ಎರಡನೇ ಸಲ ಹೋದಾಗ ಬ್ರಷ್ಷಿನಿಂದ ಎತ್ತಿದ ಒಂದು ಚಿಪ್ಪಿನ ಬಗ್ಗೆ ನೋಟ್ ಪುಸ್ತಕದಲ್ಲಿ ಬರೆದದ್ದು ಹೀಗಿದೆ:

"ಗೋಪುರದಂತೆ, ಆದರೆ ಕುಳ್ಳು. ಎತ್ತರ 1.55, ಅಗಲ 1.25 ಮಿ.ಮೀ. ತುದಿ ಮೇಲಿಟ್ಟಾಗ ಬಾಯಿ ಬಲಕ್ಕೆ. ಮರಿಚಿಪ್ಪು ಒಂದೂಕಾಲು ಸುತ್ತು, ಅಡ್ಡಳತೆ 0.31 ಮಿ.ಮೀ., ನುಣುಪು, ಗಡಿ ಸ್ಪಷ್ಟ. ಬೆಳೆದ ಸುತ್ತು ಎರಡೂವರೆ, ಉಬ್ಬಿವೆ, ಹೊಲಿಗೆ ಗೆರೆ ಆಳ. ಕೊನೆಯ ಸುತ್ತಿನಲ್ಲಿ ಮೇಲಿನಿಂದ ಕೆಳಕ್ಕೆ 14 ಏಣು, ತಳಕ್ಕೆ ಬರುವಾಗ ಮಾಯ. ಸುತ್ತಿನ ಜೊತೆ ಓಡುವ ಗೀರುಗಳು ತಳದಲ್ಲಿ ಮಾತ್ರ. ಬಾಯಿ ಸುಮಾರು ದುಂಡು, ತುಟಿ ತೆಳು, ಪೂರ್ತಿ ಬೆಳೆದಿರಲಿಕ್ಕಿಲ್ಲ. ಹೊಕ್ಕುಳು ಕಿರಿದು, ತೆರೆದಿದೆ. ಬಿಳಿ, ಹೊಳಪು ಇದೆ."

ಇದರಲ್ಲಿ ಹೆಸರಿಲ್ಲ, ಗಮನಿಸಿ. ಹೆಸರು ಕೊನೆಗೆ. ಮೊಲಸ್ಕಾಬೇಸ್ ಅನ್ನುವ ಉಚಿತ ಜಾಲತಾಣದಲ್ಲಿ ಇವತ್ತು ಒಪ್ಪಿರುವ ಹೆಸರುಗಳೆಲ್ಲ ಇವೆ. ಅಲ್ಲಿ ಕುಟುಂಬದ ಮಟ್ಟಕ್ಕೆ ಬಂದರೂ ಸಾಕು. ಹೊಸ ಜಾತಿ ಅಂತ ಅನ್ನಿಸಿದರೆ ಘೋಷಣೆ ಮಾಡಬೇಡಿ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯಲ್ಲೋ ಕರಾವಳಿಯ ವಿಶ್ವವಿದ್ಯಾಲಯದಲ್ಲೋ ಮೃದ್ವಂಗಿಗಳ ಕೆಲಸ ಮಾಡುವವರಿಗೆ ಐದು ಕಡೆಯಿಂದ ತೆಗೆದ ಫೋಟೋ ಕಳಿಸಿ: ಬಾಯಿ, ಬೆನ್ನು, ಪಕ್ಕ, ತುದಿ, ತಳ.

ಹಂತ 12: ಇಡುವುದು

ಮರದ ಬೀರು ಬೇಡ, ರಟ್ಟಿನ ಪೆಟ್ಟಿಗೆಯೂ ಬೇಡ. ಮರ, ರಟ್ಟು, ಕೆಲವು ಗೋಂದು ನಿಧಾನಕ್ಕೆ ಹುಳಿ ಆವಿ ಬಿಡುತ್ತವೆ. ಆ ಆವಿ ತೇವದ ಜೊತೆ ಸೇರಿ ಚಿಪ್ಪಿನ ಮೇಲೆ ಬಿಳಿ ಬೂಷ್ಟಿನಂಥ ಉಪ್ಪು ಎಬ್ಬಿಸುತ್ತದೆ. 1899ರಲ್ಲಿ ಬೈನ್ ಅನ್ನುವವರು ಇದನ್ನು ರೋಗಾಣುವಿನ ಕೆಲಸ ಅಂದುಕೊಂಡರು, ಇವತ್ತಿಗೂ ಬೈನ್ ರೋಗ ಅಂತಲೇ ಕರೆಯುತ್ತಾರೆ. ದೊಡ್ಡ ಶಂಖ ಒಂದಿಷ್ಟು ವರ್ಷ ತಡೆದೀತು. ಒಂದೂವರೆ ಮಿಲಿಮೀಟರಿನದ್ದು ಪುಡಿಯಾಗಿಬಿಡುತ್ತದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಖಾಲಿ ಜೆಲಟಿನ್ ಕ್ಯಾಪ್ಸೂಲ್ ಚೆನ್ನಾಗಿ ಆಗುತ್ತದೆ. ಒಂದು ಕ್ಯಾಪ್ಸೂಲಿಗೆ ಒಂದೇ ಚಿಪ್ಪು. ಹತ್ತಿ ತುರುಕಬೇಡಿ, ಎಳೆಗಳು ಏಣುಗಳಿಗೆ ಸಿಕ್ಕಿ ತೆಗೆಯುವಾಗ ತುದಿ ಮುರಿಯುತ್ತದೆ. ಕ್ಯಾಪ್ಸೂಲನ್ನು ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣ ಬದಲಿಸಿ, ಇಲ್ಲದಿದ್ದರೆ ಜೆಲಟಿನ್ ಅಂಟಂಟಾಗುತ್ತದೆ.

ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಮಾಸುತ್ತದೆ. ಜಾಗ, ತಾರೀಕು, ಆಳ, ಸೋಸಿದ ಜರಡಿಯ ಕಣ್ಣಿನ ಅಳತೆ, ಎತ್ತಿದವರ ಹೆಸರು. ತುದಿ ಮುರಿದಿದ್ದರೆ "ತುದಿ ಇಲ್ಲ" ಅಂತ ಅದೇ ಚೀಟಿಯಲ್ಲಿ ಬರೆಯಿರಿ. ಆ ಮೊದಲ ಚಿಪ್ಪು ಈಗಲೂ ಗೆಳೆಯರ ಡಬ್ಬಿಯಲ್ಲಿದೆ, ಅದರ ಚೀಟಿಯಲ್ಲಿ ಆ ಎರಡು ಪದ ನನ್ನ ಕೈಬರಹದಲ್ಲಿವೆ.